ಹಂಚಿನ ಲೈನಿನ ಹನ್ನೊಂದು ಅಂಗೈಗಳು

ಕುಶಲಾ ಬೀಗ ತೆಗೆದು ಬಾಗಿಲು ತಳ್ಳಿದಳು. ಗುಡಿಸಲು ತಂದಿದ್ದ ಹಿಡಿಸೂಡಿ ಕೈಯಿಂದ ನೆಲಕ್ಕೆ ಬಿತ್ತು.

ಎದುರಿನ ಗೋಡೆ ಖಾಲಿ.

ಐವತ್ತೈದು ವರ್ಷದಿಂದ ಸಂಘದ ಕೋಣೆಯ ಆ ಗೋಡೆಯಲ್ಲಿದ್ದ ಅಂಗೈ ಹಂಚು ಮಾಯವಾಗಿತ್ತು. ಎರಡು ಕಬ್ಬಿಣದ ಕೊಕ್ಕೆಗಳಷ್ಟೇ ಉಳಿದಿದ್ದವು. ಮೇಲೆ ಮಾಡಿನಲ್ಲಿ ಮೂರು ಹಂಚು ತೆಗೆದ ಕಂಡಿ. ಅದರಿಂದ ಬೆಳಗಿನ ಬಿಸಿಲು ಸೀದಾ ಕೇರಂ ಬೋರ್ಡಿನ ಮೇಲೆ ಬಿದ್ದಿತ್ತು.

"ತಾರಾನಾಥಣ್ಣಾ! ಓ ಅಶ್ರಫ್! ಬನ್ನಿ ಮಾರಾಯ್ರೇ, ಎಲ್ಲ ಹೋಯ್ತು!"

ಅವಳ ಕೂಗಿಗೆ ಇಡೀ ಲೈನ್ ಓಡಿ ಬಂತು. ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದರು.

ಹಂಚಿನ ಲೈನ್ ಅಂದರೆ ಕಂಕನಾಡಿಯಿಂದ ಇಳಿಜಾರಿನಲ್ಲಿ ಕೆಳಗಿರುವ ಹನ್ನೆರಡು ಮನೆಗಳ ಒಂದು ಸಾಲು. ಪಕ್ಕದ ಹಂಚಿನ ಕಾರ್ಖಾನೆ ಮುಚ್ಚಿ ಇಪ್ಪತ್ತೈದು ವರ್ಷವಾಯಿತು. ಚಿಮಣಿ ಬಿತ್ತು, ಯಂತ್ರಗಳು ಗುಜರಿಗೆ ಹೋದವು. ಕೆಲಸಗಾರರ ಮನೆಗಳು ಉಳಿದವು. ಮಣ್ಣು ತುಳಿದು, ಹಂಚು ಹೊತ್ತು ಎಷ್ಟೋ ಊರುಗಳಿಗೆ ಸೂರು ಕೊಟ್ಟ ಜನ ಇವರು. ಇವರ ಸೂರಿಗೆ ಮಾತ್ರ ಒಂದು ತುಂಡು ಕಾಗದವಿರಲಿಲ್ಲ. ಇದ್ದದ್ದು ಆ ಅಂಗೈ ಹಂಚು ಒಂದೇ. 1969ರಲ್ಲಿ ಲೈನಿನ ಹಿರಿಯರು ಎರಡಡಿ ಅಗಲದ ಹಸಿಮಣ್ಣಿನ ಹಲಗೆ ಮಾಡಿ, ಮನೆಗೊಂದರಂತೆ ಮಕ್ಕಳ ಅಂಗೈ ಒತ್ತಿಸಿ, ಕೆಳಗೆ ಮನೆ ನಂಬರೂ ಇಸವಿಯೂ ಕೊರೆದು, ಭಟ್ಟಿಯಲ್ಲಿ ಸುಟ್ಟು, ಹಲಸಿನ ಮರದ ಚೌಕಟ್ಟು ಹಾಕಿ ಗೋಡೆಗೇರಿಸಿದ್ದರು.

ಅಂಗೈ ಹನ್ನೊಂದು. ಹನ್ನೆರಡನೆಯ ಮನೆಯಲ್ಲಿ ಆಗ ಮಗು ಇರಲಿಲ್ಲ ಎಂದು ಕೆಲವರು. ಆ ಮನೆಗೆ ಜನವೇ ಬಂದಿರಲಿಲ್ಲ ಎಂದು ಕೆಲವರು. ಸರಿಯಾಗಿ ಹೇಳಬಲ್ಲ ಹಿರಿಯರು ಯಾರೂ ಈಗಿಲ್ಲ.

ಮೂರನೆಯ ಅಂಗೈ ಕುಶಲಾಳ ಗಂಡ ಶೇಖರನದು. ಆಗ ಅವನಿಗೆ ಮೂರು ವರ್ಷ. ಅವನು ತೀರಿಹೋಗಿ ಆರು ವರ್ಷವಾಯಿತು. ದಿನಾ ಬೆಳಿಗ್ಗೆ ಕೋಣೆ ಗುಡಿಸಿ, ಆ ಪುಟ್ಟ ಅಂಗೈ ಮೇಲೆ ತನ್ನ ಕೈಯಿಟ್ಟು, ಆಮೇಲೆಯೇ ಅವಳು ಆಸ್ಪತ್ರೆಯ ಆಯಾ ಕೆಲಸಕ್ಕೆ ಹೊರಡುತ್ತಿದ್ದಳು.

ನಾಳೆ ಶನಿವಾರ. ಹನ್ನೊಂದು ಗಂಟೆಗೆ ಕಂದಾಯ ಅಧಿಕಾರಿ ಜೆಸ್ಸಿ ಮೇಡಂ ಬರುತ್ತಾರೆ. 1971ಕ್ಕಿಂತ ಮೊದಲೇ ಇಲ್ಲಿದ್ದೆವೆಂದು ತೋರಿಸಿದವರಿಗೆ ಹಕ್ಕುಪತ್ರ. ತೋರಿಸದಿದ್ದರೆ ಜಾಗ ಕೊಂಡಿರುವ ಬಿಲ್ಡರ್ ಮನೆ ಕೆಡವುತ್ತಾನೆ.

\* \* \*

ಎಸ್‌ಐ ಪೃಥ್ವಿರಾಜ್ ಒಂಬತ್ತಕ್ಕೆ ಬಂದ. ಚುರುಕಿನ ಆಸಾಮಿ. ಆದರೆ ಬಿಜೈಯ ಫ್ಲ್ಯಾಟಿನಲ್ಲಿ ಬೆಳೆದವನು. ಟೆರೇಸ್ ಗೊತ್ತು, ಹಂಚಿನ ಮಾಡು ಗೊತ್ತಿಲ್ಲ.

"ಮೇಲಿಂದ ಇಳಿದಿದ್ದಾನೆ," ಎಂದ ಕಂಡಿ ನೋಡುತ್ತ. "ಯಾರ ಮೇಲಾದ್ರೂ ಡೌಟ್ ಉಂಟಾ?"

"ಡೌಟ್ ಎಂತದು ಸರ್? ಅದು ಆ ಕೆವಿನನದ್ದೇ ಕೆಲಸ!" ಸಂಘದ ಕಾರ್ಯದರ್ಶಿ ತಾರಾನಾಥ ಗುಡುಗಿದ. "ಬಿಲ್ಡರಿನ ಏಜೆಂಟ್. ಮೊನ್ನೆ ಬಂದು ಹಂಚಿನ ಫೋಟೋ ತೆಗೆದ, ಟೇಪ್ ಹಿಡಿದು ಅಳೆದ."

"ಫೋಟೋ ನಿಮ್ಮ ಹತ್ರವೂ ಉಂಟಲ್ವಾ? ಅದನ್ನೇ ತೋರಿಸಿ."

"ಮೇಡಂ ಒಪ್ಪುದಿಲ್ಲ. ಅಸಲು ಬೇಕಂತೆ."

ಪೃಥ್ವಿರಾಜ್ ಕೆವಿನನಿಗೆ ಫೋನ್ ಹಚ್ಚಲು ಹೊರಟ. ಕುಶಲಾ ಅಡ್ಡ ಬಂದಳು.

"ಸರ್, ಒಂದು ಮಾತು. ಆ ಕಂಡಿಯಿಂದ ನಿಮಗೆ ಇಳೀಲಿಕ್ಕೆ ಆಗ್ತದಾ?"

"ಎಂತಕ್ಕೆ ಆಗುದಿಲ್ಲ?"

"ಹಂಚಿನ ಅಡಿಯಲ್ಲಿ ರೀಪು ಉಂಟಲ್ಲ, ಅಡಿಗೊಂದು ಮರದ ಪಟ್ಟಿ? ಒಂದೂ ತುಂಡಾಗ್ಲಿಲ್ಲ. ಬೆಕ್ಕು ಇಳಿಯಬಹುದು. ಎರಡಡಿ ಅಗಲದ ಹಂಚು ಹಿಡ್ಕೊಂಡು ಮನುಷ್ಯ ಹತ್ತುದು ಹೇಗೆ?"

ಎಸ್‌ಐ ಮತ್ತೆ ಮೇಲೆ ನೋಡಿದ. ಟೋಪಿ ಸರಿಮಾಡಿಕೊಂಡ.

"ಹಾಗಾದ್ರೆ ಬಾಗಿಲಿಂದ."

"ಬಾಗಿಲಿಂದಲೇ. ಬೀಗ ಒಡೆದದ್ದಿಲ್ಲ. ಕೀ ಇರುದು ಮೂರು."

ಗುಡಿಸುವುದಕ್ಕೆ ಒಂದು ಕುಶಲಾಳ ಬಳಿ. ಒಂದು ತಾರಾನಾಥನ ಬಳಿ. ನೀರಿನ ಪಂಪಿನ ಸ್ವಿಚ್ಚು ಒಳಗಿದ್ದುದರಿಂದ ಮೂರನೆಯದು ಹನ್ನೆರಡನೆಯ ಮನೆಯ ಅಶ್ರಫನ ಬಳಿ. ಅಶ್ರಫ್ ರಿಕ್ಷಾ ತೆಗೆದುಕೊಂಡು ಬಾಡಿಗೆಗೆ ಹೋಗಿ ಆಗಿತ್ತು.

"ಕೀ ಇದ್ದವನೆಲ್ಲ ಕಳ್ಳನಾ?" ತಾರಾನಾಥನ ಮುಖ ಕೆಂಪಾಯಿತು. "ನಾಲ್ಕನೇ ಅಂಗೈ ನನ್ನದು ಸರ್! ನನ್ನ ಕೈ ನಾನೇ ಕದಿಯುದಾ?"

"ಕೆವಿನ್ ಡೂಪ್ಲಿಕೇಟ್ ಮಾಡಿಸಿರಬಹುದು," ಎಂದು ಎಸ್‌ಐ ಸಮಾಧಾನ ಮಾಡಿದ.

ಗಲಾಟೆ ಬಿಟ್ಟು ಕುಶಲಾ ಹೊರಗೆ ಬಂದಳು. ಮಾಡಿನ ಅಂಚು ಕೈಗೆಟಕುವಷ್ಟು ಕೆಳಗಿತ್ತು. ತೆಗೆದ ಮೂರು ಹಂಚುಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಅಡಿಯಲ್ಲಿ ತೆಂಗಿನ ಸಿಪ್ಪೆ.

ಅವಳು ಬಗ್ಗಿ ಆ ಸಿಪ್ಪೆಯನ್ನು ಮುಟ್ಟಿ ನೋಡಿದಳು.

ಮದುವೆಯಾಗಿ ಬಂದ ವರ್ಷ ಅವಳೂ ಕಾರ್ಖಾನೆಗೆ ಸೇರಿದ್ದಳು. ಹಂಚು ಹೊರಲು ಕಲಿಸಿದವರು ಅಶ್ರಫನ ತಾಯಿ ಬೀಪಾತುಮ್ಮ. ಎಂಥ ಹೆಂಗಸು! ಹಂಚು ಒತ್ತುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಉಂಗುರ ಬೆರಳು ಅರ್ಧ ಹೋಗಿತ್ತು. ಅವರ ಮದುವೆಗೂ ಮುಂಚಿನ ಮಾತಂತೆ ಅದು. ಆ ಕೈಯಲ್ಲೇ ಗಂಡಸರಿಗಿಂತ ಎರಡು ಹಂಚು ಹೆಚ್ಚು ಎತ್ತುತ್ತಿದ್ದರು. ಗಂಡ ಸತ್ತ ಮೇಲೂ ಯಾರ ಮುಂದೆಯೂ ಕೈ ಚಾಚದೆ ಮಗನನ್ನು ಸಾಕಿದರು. "ಹಂಚನ್ನು ಮಲಗಿಸ್ಬೇಡ ಮಗಾ, ಮೈ ಒಡೀತದೆ. ನಿಲ್ಲಿಸು. ಅಡಿಗೆ ಸಿಪ್ಪೆ ಇಡು," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಉಳಿದವರು ಬರೀ ನೆಲದ ಮೇಲೆ ನಿಲ್ಲಿಸುತ್ತಿದ್ದರು. ಸಿಪ್ಪೆ ಇಡುವುದು ಬೀಪಾತುಮ್ಮನ ಕೈಯಲ್ಲಿ ಕಲಿತವರು ಮಾತ್ರ.

\* \* \*

ಮಧ್ಯಾಹ್ನ ಕೆವಿನನನ್ನು ಕರೆತಂದರು. ಇಸ್ತ್ರಿ ಶರ್ಟಿನ ಆಸಾಮಿ ಬೆವತು ಹೋಗಿದ್ದ.

"ನಾನು ಫೋಟೋ ತೆಗೆದದ್ದು ಹೌದು ಸರ್. ಕದಿಯುವ ಕರ್ಮ ನನಗೆ ಎಂತಕ್ಕೆ?"

ಕುಶಲಾ ಬೇರೆ ನಾಲ್ಕು ಹಳೆ ಹಂಚುಗಳನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದಳು.

"ಇದೊಂಚೂರು ಆಚೆ ಇಡಿ ಮಾರಾಯ್ರೇ, ಸರ್‌ಗೆ ದಾರಿ ಬೇಕು."

ಕೆವಿನ್ ನಾಲ್ಕನ್ನೂ ಒಂದರ ಮೇಲೊಂದು ಮಲಗಿಸಿದ. ಮೇಲಿನದು ಚಟ್ಟೆಂದು ಬಿರುಕು ಬಿಟ್ಟಿತು.

"ತಾರಾನಾಥಣ್ಣ, ಅಲ್ಲಿಂದಲೂ ತೆಗೀರಿ."

ತಾರಾನಾಥ ಗೊಣಗುತ್ತ ಎತ್ತಿ ಅಂಗಳದ ನಡುವೆ ಹಾಗೆಯೇ ಮಲಗಿಸಿದ. ಹದಿನಾರಕ್ಕೇ ಅತ್ತಾವರದ ಹೋಟೆಲಿಗೆ ಸೇರಿ ಅಲ್ಲೇ ಮ್ಯಾನೇಜರ್ ಆದವನು. ಜನ್ಮದಲ್ಲಿ ಹಂಚು ಹೊತ್ತವನಲ್ಲ.

"ಇದೆಂತ ಅಮ್ಮ, ಹಂಚಿನ ಪರೀಕ್ಷೆಯಾ?" ಎಸ್‌ಐ ನಕ್ಕ.

ಅಷ್ಟರಲ್ಲಿ ರಿಕ್ಷಾ ಬಂದು ನಿಂತಿತು. ಅಶ್ರಫ್ ಇಳಿದ. ಐವತ್ತು ದಾಟಿದ ಮೆತ್ತಗಿನ ಮನುಷ್ಯ. ಕಾರ್ಖಾನೆಯ ಕೊನೆಯ ಕೆಲವು ವರ್ಷ ತಾಯಿಯ ಜೊತೆ ದುಡಿದಿದ್ದ. ಪೊಲೀಸರನ್ನು ನೋಡಿ ತಲೆ ತಗ್ಗಿಸಿ ಮನೆ ಕಡೆ ನಡೆದ. ಅಂಗಳದ ನಡುವಿನ ಹಂಚುಗಳ ಬಳಿ ಬಂದವನು ನಿಂತ.

"ಯಾರಿದು ಹೀಗೆ ಇಟ್ಟದ್ದು? ಒಡೀತದಲ್ಲ ಮಾರಾಯ್ರೇ."

ಬಾಗಿದ. ಒಂದೊಂದಾಗಿ ಎತ್ತಿದ. ಕಟ್ಟೆಯ ಪಕ್ಕದಿಂದ ಒಂದು ತೆಂಗಿನ ಸಿಪ್ಪೆ ಹೆಕ್ಕಿ ಅಡಿಗೆ ಇಟ್ಟು, ನಾಲ್ಕನ್ನೂ ಗೋಡೆಗೊರಗಿಸಿ ನಿಲ್ಲಿಸಿದ. ಕೈ ಒರೆಸಿಕೊಂಡು ಹೋದ.

ಕುಶಲಾ ಆ ಸಿಪ್ಪೆಯನ್ನೇ ನೋಡುತ್ತ ನಿಂತಳು. ಕೆವಿನನನ್ನು ಬಿಟ್ಟುಬಿಡಿ ಎಂದಷ್ಟೇ ಎಸ್‌ಐಗೆ ಹೇಳಿದಳು. ಅವಳಿಗೆ ಅಳು ಬರುತ್ತಿತ್ತು.

\* \* \*

ಸಂಜೆ ಐದಕ್ಕೆ ಅವಳು ಹನ್ನೆರಡನೆಯ ಮನೆಗೆ ಹೋದಳು. ಅಶ್ರಫನ ಹೆಂಡತಿ ರಮ್ಲಾ ಚಾ ತಂದಿಟ್ಟು ಒಳಗೆ ಹೋದಳು. ಹಿತ್ತಿಲ ಗೋಡೆಗೆ ಮಾಡಿನ ರಿಪೇರಿಗೆಂದು ಇಟ್ಟ ಹಳೆ ಹಂಚುಗಳ ಸಾಲು. ಅದು ಮೊದಲಿಗಿಂತ ಗೋಡೆಯಿಂದ ಒಂದು ಗೇಣು ಮುಂದೆ ಬಂದಿತ್ತು.

"ಅಶ್ರಫ್, ಆ ಹಂಚು ಮಳೆಗಾಲ ಇಡೀ ಅಲ್ಲೇ ಇತ್ತು. ಈ ಕಡೆ ಮುಖಕ್ಕೆ ಪಾಚಿ ಹಿಡ್ದು ಹಸಿರಾಗಿತ್ತು. ಈಗ ಕೆಂಪು ಕಾಣ್ತದೆ. ಪಾಚಿ ಎಲ್ಲಿ ಹೋಯ್ತು?"

ಅಶ್ರಫ್ ಹಂಚಿನ ಸಾಲಿನ ಕಡೆ ನೋಡಿದ.

"ನಾನೇ ಹೇಳ್ತೇನೆ. ನೀನು ಎಲ್ಲ ತೆಗೆದು ತಿರುಗಿಸಿ ಇಟ್ಟೆ. ಹಿಂದೆ ಎಂತದೋ ಇಡ್ಲಿಕ್ಕೆ. ಕಳ್ಳ ಮಾಡಿನಿಂದ ಬಂದ ಅಂತ ಕಾಣಲಿಕ್ಕೆ ಮೂರು ಹಂಚು ತೆಗೆದೆ. ರೀಪು ಮುರಿಯುವ ಮನಸ್ಸು ಬರಲಿಲ್ಲ. ಹಂಚು ಬಿಸಾಡುವ ಮನಸ್ಸೂ ಬರಲಿಲ್ಲ. ಸಿಪ್ಪೆ ಇಟ್ಟು ನಿಲ್ಲಿಸಿದೆ. ಹಾಗೆ ನಿಲ್ಲಿಸುವವರು ಈಗ ಈ ಲೈನಿನಲ್ಲಿ ಇಬ್ಬರೇ ಇರುದು. ನೀನು, ನಾನು. ಕದ್ದದ್ದು ನಾನಲ್ಲ."

ಅಶ್ರಫ್ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಒಡೆಯುವ ಯೋಚನೆ ಇರಲಿಲ್ಲ ಕುಶಲಕ್ಕ, ಅಲ್ಲಾಹನಾಣೆ."

"ಮತ್ತೆಂತಕ್ಕೆ?"

"ಹೋದ ವಾರ ಮೀಟಿಂಗಲ್ಲಿ ಹೇಳಿದ್ರಲ್ಲ, ಈ ಹಂಚಿನಿಂದ ಹನ್ನೊಂದು ಮನೆಗೆ ಸಿಗ್ತದೆ ಅಂತ. ಅಶ್ರಫಿನದ್ದು ಆಮೇಲೆ ನೋಡುವಾ ಅಂತ. ಎಲ್ಲರೂ ತಲೆ ಅಲ್ಲಾಡಿಸಿದ್ರಿ. ನೀವೂ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ನನ್ನ ಉಮ್ಮ ಸಾಯುವವರೆಗೆ ಈ ಮನೆಯಲ್ಲೇ ಇದ್ದದ್ದು. ಆ ಹಂಚಿನಲ್ಲಿ ಅವರು ಎಲ್ಲಿಯೂ ಇಲ್ಲ. ಹಂಚು ಇಲ್ಲದಿದ್ರೆ ಹನ್ನೆರಡು ಮನೆಯವರೂ ಒಟ್ಟಿಗೆ ಬೇರೆ ದಾರಿ ನೋಡ್ತಿದ್ರು. ಇದ್ರೆ ನಾನೊಬ್ಬನೇ."

ಕುಶಲಾಳಿಗೆ ನಾಚಿಕೆಯಾಯಿತು. ತಲೆ ಅಲ್ಲಾಡಿಸಿದ್ದು ನಿಜ. ಆ ಕ್ಷಣದಲ್ಲಿ ಅವಳಿಗೆ ಶೇಖರನ ಅಂಗೈ ಮಾತ್ರ ನೆನಪಿತ್ತು, ಕೆಲಸ ಕಲಿಸಿದ ಅರ್ಧ ಬೆರಳಿನ ಕೈ ಮರೆತೇಹೋಗಿತ್ತು.

"ನಮ್ಮದು ತಪ್ಪು," ಎಂದಳು. "ನಿನ್ನದೂ ತಪ್ಪು. ನಾಳೆ ಹನ್ನೊಂದಕ್ಕೆ ನೀನೇ ಎತ್ತಿಕೊಂಡು ಬಾ. ನಾನು ಪಕ್ಕದಲ್ಲಿ ನಿಲ್ತೇನೆ. ನಿನ್ನ ಮನೆಗೂ ಸಿಗದೆ ನಾನು ಕಾಗದ ತಗೊಳ್ಳುದಿಲ್ಲ."

\* \* \*

ಶನಿವಾರ ಅಶ್ರಫ್ ಬಂದ. ಅಂಗೈ ಹಂಚನ್ನು ಮಗುವಿನಂತೆ ಅಪ್ಪಿಕೊಂಡಿದ್ದ. ಎಲ್ಲರ ಎದುರು, ಎಸ್‌ಐ ಎದುರು, ಜೆಸ್ಸಿ ಮೇಡಂ ಎದುರು, ತಾನೇ ತೆಗೆದದ್ದು ಎಂದು ಹೇಳಿದ.

ಅಬ್ಬಬ್ಬಾ, ಏನು ಗದ್ದಲ! ತಾರಾನಾಥ ಹೊಡೆಯಲು ಕೈ ಎತ್ತಿದ. ಕುಶಲಾ ನಡುವೆ ನಿಂತು, ರೀಪಿನಿಂದ ಪಾಚಿಯವರೆಗೆ ತಾನು ಪತ್ತೆ ಮಾಡಿದ್ದನ್ನೆಲ್ಲ ಹೇಳಿದಳು. ಮೀಟಿಂಗಿನಲ್ಲಿ ತಾವೆಲ್ಲ ತಲೆ ಅಲ್ಲಾಡಿಸಿದ್ದನ್ನೂ ಹೇಳಿದಳು. ಗದ್ದಲ ನಿಂತಿತು.

ಜೆಸ್ಸಿ ಮೇಡಂ ಕನ್ನಡಕ ಏರಿಸಿದರು. "ನಿಮ್ಮ ಜಗಳ ಆಮೇಲೆ. ಇದು ಆ ಕಾರ್ಖಾನೆಯದ್ದೇ ಅಂತ ನಾನು ಬರೀಬೇಕು. ಮುದ್ರೆ ಹಂಚಿನ ಹಿಂಬದಿಯಲ್ಲಿ ಇರುದಲ್ವಾ? ಚೌಕಟ್ಟಿನ ಹಿಂದಿನ ಮರದ ಹಲಗೆ ಬಿಚ್ಚಿ."

ಯಾರೂ ಅದನ್ನು ಯಾವತ್ತೂ ಬಿಚ್ಚಿರಲಿಲ್ಲ. ತಾರಾನಾಥ ತುಕ್ಕು ಹಿಡಿದ ಮೊಳೆಗಳನ್ನು ಕಿತ್ತ. ಹಲಗೆ ಕಳಚಿತು. ಕುಶಲಾ ಸೆರಗಿನಿಂದ ಧೂಳು ಒರೆಸಿದಳು.

ನಡುವೆ ಕಾರ್ಖಾನೆಯ ಮುದ್ರೆ ಇತ್ತು. ಅದರ ಎರಡೂ ಬದಿಗೆ ಎರಡು ದೊಡ್ಡ ಕೈಗಳ ಅಚ್ಚು. ಹಸಿಮಣ್ಣಿನ ಹಲಗೆಯ ಅಡಿಗೆ ಅಂಗೈ ಕೊಟ್ಟು ಎತ್ತಿದವರ ಕೈ. ಎಡಗೈಯ ಉಂಗುರ ಬೆರಳು ಅರ್ಧಕ್ಕೇ ನಿಂತಿತ್ತು. ಕೆಳಗೆ, ಮುಂಬದಿಯ ಅಂಕೆಗಳನ್ನು ಕೊರೆದಂಥದೇ ಮೊಳೆಯಲ್ಲಿ, ೧೨.

"ಬೀಪಾತುಮ್ಮ!" ಕುಶಲಾ ಆ ಅರ್ಧ ಬೆರಳನ್ನು ಮುಟ್ಟಿ ತೋರಿಸಿದಳು. "ಒತ್ತಿಸ್ಲಿಕ್ಕೆ ಮಗು ಇರಲಿಲ್ಲ ಅವರಿಗೆ. ಇವರ ಮಕ್ಕಳ ಅಂಗೈಯನ್ನೆಲ್ಲ ಎತ್ತಿ ಭಟ್ಟಿಗೆ ಹೊತ್ತದ್ದೇ ಅವರು ಮೇಡಂ!"

ಅಶ್ರಫ್ ಮುಂದೆ ಬರಲಿಲ್ಲ. ನಿಂತಲ್ಲೇ ಅಳುತ್ತಿದ್ದ. ತಾಯಿಯ ಕೈಯನ್ನು ತಾನೇ ಕದ್ದು ಹಳೆ ಹಂಚುಗಳ ಹಿಂದೆ ಅಡಗಿಸಿಟ್ಟಿದ್ದನಲ್ಲ!

"ಇದು ಅವರದ್ದೇ ಕೈ ಅಂತ ಸಾಕ್ಷಿ ಹೇಳುವವರು ಉಂಟಾ?" ಮೇಡಂ ಕೇಳಿದರು.

ಮೊದಲು ಮುಂದೆ ಬಂದವನು ತಾರಾನಾಥ. "ನಾನುಂಟು. ಶಾಲೆ ತಪ್ಪಿಸಿದಾಗೆಲ್ಲ ನನ್ನ ಬೆನ್ನಿಗೆ ಬೀಳ್ತಿದ್ದದ್ದು ಈ ನಾಲ್ಕೂವರೆ ಬೆರಳೇ ಮೇಡಂ. ಹೇಗೆ ಮರೀಲಿ?"

ಎಲ್ಲರೂ ನಕ್ಕರು, ಕಣ್ಣೊರೆಸಿಕೊಂಡರು. ಹನ್ನೊಂದು ಮನೆಯವರೂ ಸಾಲಾಗಿ ನಿಂತು ಸಹಿ ಹಾಕಿದರು. ಮೇಡಂ ತಮ್ಮ ಕಾಗದದಲ್ಲಿ ಹನ್ನೊಂದು ಎಂದಿದ್ದುದನ್ನು ಹೊಡೆದು ಹನ್ನೆರಡು ಎಂದು ಬರೆದರು.

"ಕಳವಿನ ದೂರು?" ಎಸ್‌ಐ ಕೇಳಿದ.

"ವಾಪಸ್ ತಗೊಳ್ತೇವೆ ಸರ್," ತಾರಾನಾಥ ಹೇಳಿದ. "ಮೇಲಿನ ಕಂಡಿ ಮಾತ್ರ ಅವನೇ ಮುಚ್ಚಲಿ."

ಈಗ ಅಂಗೈ ಹಂಚು ಗೋಡೆಯಲ್ಲಿಲ್ಲ. ಕೋಣೆಯ ನಡುವೆ, ತೆಂಗಿನ ಸಿಪ್ಪೆಯ ಮೇಲೆ, ಎರಡೂ ಮುಖ ಕಾಣುವಂತೆ ಮರದ ಆಸರೆಯಲ್ಲಿ ನಿಂತಿದೆ. ಕುಶಲಾ ದಿನಾ ಬೆಳಿಗ್ಗೆ ಗುಡಿಸಿ, ಶೇಖರನ ಪುಟ್ಟ ಅಂಗೈ ಮೇಲೆ ಕೈಯಿಡುತ್ತಾಳೆ. ಆಮೇಲೆ ಸುತ್ತು ಬಂದು ಆ ಕಡೆಯ ಕೈಯ ಮೇಲೂ ಇಡುತ್ತಾಳೆ. ಆ ಕೈ ಅವಳ ಕೈಗಿಂತ ದೊಡ್ಡದು.