ಸೊಲಾಂಜ್ ಕಂಡ ಮೂರು ಕೋಟೆ

ರಾಜರು ತಮ್ಮ ಮನೆಯ ಗೋಡೆಗಳ ಮೇಲೆ ಮೃಗಗಳನ್ನು ಕೆತ್ತಿಸಿಕೊಳ್ಳುತ್ತಿದ್ದ ಕಾಲವದು. ಫ್ರೆಂಚರ ನಾಡಿನಲ್ಲಿ ಲೋರಿನ್ ಎಂಬ ನದಿಯೊಂದು ಹರಿಯುತ್ತಿತ್ತು. ಅದರ ಕಣಿವೆಯ ಉದ್ದಕ್ಕೂ ದ್ರಾಕ್ಷಿತೋಟಗಳಿದ್ದವು, ತೋಟಗಳ ಹಿಂದೆ ಹಾಲುಬಣ್ಣದ ಕಲ್ಲಿನ ಗುಡ್ಡಗಳಿದ್ದವು. ಆ ಕಲ್ಲಿನಿಂದ ಹಳೆಯ ರಾಜರು ಮೂರು ಕೋಟೆ ಕಟ್ಟಿಸಿದ್ದರು. ಒಂದು ಕಡಿದಾದ ಬಂಡೆಯ ನೆತ್ತಿಯಲ್ಲಿತ್ತು, ಅದು ಬಂಡೆಕೋಟೆ. ಇನ್ನೊಂದು ಐದು ಕಮಾನುಗಳನ್ನು ಊರಿಕೊಂಡು ನದಿಯ ಮೇಲೆಯೇ ನಿಂತಿತ್ತು, ಅದು ನೀರುಕೋಟೆ. ಮೂರನೆಯದು ಓಕ್ ಮರಗಳ ಕಾಡಿನ ನಡುವೆ ನೂರು ಹೊಗೆಗೂಡುಗಳನ್ನು ಹೊತ್ತು ನಿಂತಿತ್ತು, ಅದು ಕಾಡುಕೋಟೆ.

ಕೊನೆಯ ರಾಜ ಮಕ್ಕಳಿಲ್ಲದೆ ಸತ್ತ. ಅವನ ಹಿಂದೆಯೇ ಮಾಲ್ವೋರ್ ಎಂಬ ಮಂತ್ರವಾದಿ ಬಂದ. ಬಂದಾಗ ಅವನೂ ಎಲ್ಲರಷ್ಟೇ ಎತ್ತರದ ಮನುಷ್ಯ. ಅವನು ಮೂರು ಕೋಟೆಗಳನ್ನೂ ಹಿಡಿದುಕೊಂಡು ಒಂದೇ ಒಂದು ಕಾನೂನು ಹೊರಡಿಸಿದ. ಕಣಿವೆಯ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಮೂರು ಕೋಟೆಗಳನ್ನೂ ನೋಡಲು ಬರಬೇಕು, ಪ್ರತಿ ಕೋಟೆಯ ಹೊಸ್ತಿಲಲ್ಲಿ ಸೊಂಟ ಬಗ್ಗಿಸಿ ತಲೆಬಾಗಬೇಕು. ಬೇರೆ ಕಂದಾಯವಿಲ್ಲ, ಬಿಟ್ಟಿ ಚಾಕರಿಯಿಲ್ಲ.

ಜನ ಖುಷಿಪಟ್ಟರು. ಬಗ್ಗುವುದಕ್ಕೆ ಏನು ಖರ್ಚು ಅಂದುಕೊಂಡರು. ಹನ್ನೊಂದು ವರ್ಷ ಬಗ್ಗಿದರು. ಹನ್ನೊಂದು ವರ್ಷಗಳಲ್ಲಿ ಕಣಿವೆಯ ಜನರ ಬೆನ್ನುಗಳೆಲ್ಲ ಕುಡುಗೋಲಿನಂತಾದವು. ಮದುವಣಿಗರೂ ನೆಲ ನೋಡಿಕೊಂಡೇ ನಡೆದರು. ಮಾಲ್ವೋರ್ ಮಾತ್ರ ಬೆಳೆಯುತ್ತಲೇ ಹೋದ. ಈಗ ಅವನು ದ್ರಾಕ್ಷಿ ಹಿಂಡುವ ಮನೆಯ ಚಾವಣಿಗಿಂತ ಎತ್ತರವಾಗಿದ್ದ.

ಬೆನ್ನು ನೆಟ್ಟಗಿದ್ದವರು ಇಬ್ಬರೇ. ಒಬ್ಬಳು ಸೊಲಾಂಜ್, ನದಿಯಲ್ಲಿ ದೋಣಿ ದಾಟಿಸುವವಳು. ಇನ್ನೊಬ್ಬ ಅವಳ ಗಂಡ ತಿಬೋ, ಕಲ್ಲುಕುಟಿಗ. ಪ್ರತಿ ವರ್ಷ ಮಾಲ್ವೋರನ ದೂತರು ಜನರನ್ನು ಕರೆಯಲು ಬಂದಾಗ ಸೊಲಾಂಜ್ ಜನರನ್ನು ದಾಟಿಸುತ್ತ ನಡುನೀರಿನಲ್ಲಿರುತ್ತಿದ್ದಳು, ತಿಬೋ ಗಣಿಯ ಆಳದಲ್ಲಿರುತ್ತಿದ್ದ.

ಹನ್ನೆರಡನೆಯ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಮಾಲ್ವೋರನೇ ತಿಬೋನನ್ನು ಕರೆಸಿದ. "ಮೂರು ಕೋಟೆಯ ಬಾಗಿಲ ಮೇಲೂ ನನ್ನ ಮುಖ ಕೆತ್ತು," ಎಂದ. ತಿಬೋ ಆಗಲ್ಲ ಎಂದ. "ಹಾಗಾದರೆ ಬಗ್ಗಿ ಕ್ಷಮೆ ಕೇಳು," ಎಂದ ಮಾಲ್ವೋರ್. ತಿಬೋ ಅದಕ್ಕೂ ಆಗಲ್ಲ ಎಂದ. ಅವನು ಮನೆಗೆ ಬರಲಿಲ್ಲ. ಮೂರನೆಯ ದಿನ ದೂತನೊಬ್ಬ ದೋಣಿಯ ಹತ್ತಿರ ಬಂದ.

"ನಿನ್ನ ಗಂಡ ಕಲ್ಲಾಗಿದ್ದಾನೆ. ಮೂರು ಕೋಟೆಗಳಲ್ಲಿ ಒಂದರಲ್ಲಿದ್ದಾನೆ. ಹೋಗಿ ಹುಡುಕು. ದಾರಿಯಲ್ಲಿ ಮೂರು ಸಲ ಬಗ್ಗು. ಪ್ರಭುಗಳು ದಯಾಳು."

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿ ಬೆರ್ತಾ ಇದನ್ನು ಕೇಳಿಸಿಕೊಂಡಳು. ಅವಳ ಬೆನ್ನು ಎಷ್ಟು ಬಾಗಿತ್ತೆಂದರೆ ಸೊಲಾಂಜಳ ಮುಖ ನೋಡಲು ಅವಳು ಕತ್ತನ್ನು ಓರೆ ಮಾಡಬೇಕಿತ್ತು.

"ಹೋಗು ಮಗಳೇ. ಬಗ್ಗಿಬಿಡು. ಒಂದು ಉಸಿರಿನ ಕೆಲಸ," ಎಂದಳು.

"ತಿಬೋಗೂ ಅದು ಒಂದು ಉಸಿರಿನ ಕೆಲಸವೇ ಆಗಿತ್ತು, ಅಜ್ಜಿ. ಅವನು ಮಾಡಲಿಲ್ಲ," ಎಂದು ಸೊಲಾಂಜ್ ದೋಣಿಯ ಹಗ್ಗ ಬಿಚ್ಚಿದಳು.

ಅವಳು ಮೊದಲು ಬಂಡೆಕೋಟೆಗೆ ಹೋದಳು. ದೋಣಿಯನ್ನು ಕೆಳಗೆ ಕಟ್ಟಿ, ಕಲ್ಲಿನ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಳು. ಬಾಗಿಲ ಮೇಲೆ ಹಳೆಯ ರಾಜರ ಲಾಂಛನ, ಕಲ್ಲಿನ ಮುಳ್ಳುಹಂದಿ. ಮಾಲ್ವೋರ್ ಅದಕ್ಕೆ ಜೀವ ಕೊಟ್ಟಿದ್ದ. ಅದು ಗೋಡೆಯಿಂದ ಇಳಿದು ಹೊಸ್ತಿಲಲ್ಲಿ ನಿಂತಿತು. ಕರುವಿನಷ್ಟು ದೊಡ್ಡದು, ಒಂದೊಂದು ಮುಳ್ಳೂ ಈಟಿಯಷ್ಟು ಉದ್ದ.

"ಬಗ್ಗು. ಬಗ್ಗಿದರೆ ಮುಳ್ಳು ನಿನ್ನ ಮೇಲಿಂದ ಹಾರಿಹೋಗುತ್ತದೆ. ನಿಂತರೆ ನಿನ್ನೊಳಗೆ ಹೋಗುತ್ತದೆ," ಎಂದಿತು ಮುಳ್ಳುಹಂದಿ.

"ನಾನು ನಿಲ್ಲುತ್ತೇನೆ," ಎಂದಳು ಸೊಲಾಂಜ್.

ಮುಳ್ಳುಹಂದಿ ಬೆನ್ನು ತಿರುಗಿಸಿ ಮೈ ಕೊಡವಿತು. ಒಂದು ಮುಳ್ಳು ಬಂದು ಅವಳ ಭುಜಕ್ಕೆ ನಾಟಿತು. ಅವಳು ಹಲ್ಲು ಕಚ್ಚಿ ಅದನ್ನು ಕಿತ್ತೆಸೆದಳು. ಆಗ ಅವಳಿಗೊಂದು ವಿಷಯ ಕಾಣಿಸಿತು. ಈ ಪ್ರಾಣಿ ಬೆನ್ನು ತಿರುಗಿಸದೆ ಮುಳ್ಳು ಬಿಡಲಾರದು. ಅವಳು ಓಡಿಹೋಗಲಿಲ್ಲ, ಮುಂದಕ್ಕೇ ಓಡಿ ಅದರ ಮೂತಿಯ ಎದುರು ನಿಂತಳು. ಅದು ತಿರುಗಿದರೆ ಅವಳೂ ಜೊತೆಗೇ ಸುತ್ತಿದಳು. ಅದು ಎಡಕ್ಕೆ ತಿರುಗಿತು, ಅವಳು ಎಡಕ್ಕೆ ಸುತ್ತಿದಳು. ಅದು ಬಲಕ್ಕೆ ತಿರುಗಿತು, ಅವಳು ಬಲಕ್ಕೆ ಸುತ್ತಿದಳು. ಬಿಸಿಲು ನೆತ್ತಿಗೆ ಬರುವವರೆಗೂ ಹೀಗೇ ನಡೆಯಿತು. ಕೊನೆಗೆ ಮುಳ್ಳುಹಂದಿ ಏದುಸಿರು ಬಿಡುತ್ತ ಕುಳಿತುಬಿಟ್ಟಿತು.

"ಹನ್ನೊಂದು ವರ್ಷಗಳಿಂದ ಜನರ ನೆತ್ತಿಗಳನ್ನೇ ನೋಡಿದ್ದೇನೆ. ಮುಖ ನೋಡುತ್ತಿರುವುದು ಇವತ್ತೇ. ಒಳಗೆ ಹೋಗು," ಎಂದಿತು ಅದು.

ಅವಳು ಕೋಟೆಯ ಒಂದೊಂದು ಕೋಣೆಯನ್ನೂ ನೋಡಿದಳು. ಸುರುಳಿ ಮೆಟ್ಟಿಲು ಹತ್ತಿದಳು, ನೆಲಮಾಳಿಗೆಗೆ ಇಳಿದಳು. ತಿಬೋ ಅಲ್ಲಿರಲಿಲ್ಲ. ಭುಜಕ್ಕೆ ಬಟ್ಟೆ ಕಟ್ಟಿಕೊಂಡು ಮತ್ತೆ ದೋಣಿ ಹತ್ತಿದಳು.

ಮರುದಿನ ನೀರುಕೋಟೆಗೆ ಬಂದಳು. ಅದರ ಒಳಗೆ ಈ ದಡದಿಂದ ಆ ದಡಕ್ಕೆ ಒಂದು ಉದ್ದನೆಯ ಪಡಸಾಲೆ, ಎರಡೂ ಕಡೆ ಕಿಟಕಿಗಳು, ಕೆಳಗೆ ನದಿ. ಕೋಣೆಗಳೆಲ್ಲ ಆಚೆಯ ತುದಿಯಲ್ಲಿದ್ದವು. ಪಡಸಾಲೆಯ ನಡುವಿನ ಒಲೆಗೂಡಿನ ಮೇಲೆ ಇನ್ನೊಬ್ಬ ರಾಜನ ಲಾಂಛನ, ಬೆಂಕಿಯಲ್ಲಿ ಬದುಕುವ ಹಲ್ಲಿ. ಅದು ಇಳಿದು ದಾರಿಗೆ ಅಡ್ಡವಾಗಿ ಮಲಗಿತು. ಬಾಲ ಈ ಗೋಡೆಗೆ, ಮೂತಿ ಆ ಗೋಡೆಗೆ ತಾಗಿತು.

"ನನ್ನ ಉರಿ ಎದೆಯ ಎತ್ತರಕ್ಕೆ ಹಾಯುತ್ತದೆ. ಬಗ್ಗಿ ಬಂದರೆ ಬದುಕುತ್ತೀಯ," ಎಂದಿತು ಬೆಂಕಿಹಲ್ಲಿ.

"ನಾನು ಬಗ್ಗುವುದಿಲ್ಲ."

ಹಲ್ಲಿ ಬಾಯಿ ತೆರೆಯಿತು. ಉರಿ ಪಡಸಾಲೆಯ ಉದ್ದಕ್ಕೂ ನುಗ್ಗಿ ಬಂತು. ಸೊಲಾಂಜಳ ಮುಂಗೂದಲು ಸುಟ್ಟಿತು. ಅವಳು ಪಕ್ಕದ ಕಿಟಕಿ ಹತ್ತಿ ನಿಂತುಕೊಂಡೇ ನದಿಗೆ ಹಾರಿದಳು.

ಲೋರಿನ್ ನದಿ ಅವಳಿಗೆ ಅಂಗಳವಿದ್ದಂತೆ. ಆದರೆ ಕಮಾನುಗಳ ಕೆಳಗೆ ಸುಳಿಗಳಿದ್ದವು, ಒಂದು ಭುಜಕ್ಕೆ ಗಾಯವಾಗಿತ್ತು. ಎರಡು ಸಲ ಮುಳುಗಿದಳು, ಎರಡು ಸಲ ಎದ್ದಳು. ಕೊನೆಗೆ ಆಚೆಯ ಕಂಬದ ಸಂದುಗಳಲ್ಲಿ ಬೆರಳು ಸಿಕ್ಕಿಸಿ ಹತ್ತಿ, ಕೊನೆಯ ಕಿಟಕಿಯಿಂದ ಒಳಗೆ ಬಂದಳು. ಲಂಗದಿಂದ ನೀರು ಸುರಿಯುತ್ತಿತ್ತು. ಹಲ್ಲಿ ಹೊರಳಿ ಇನ್ನೊಮ್ಮೆ ಉರಿ ಬಿಟ್ಟಿತು. ಒದ್ದೆ ಬಟ್ಟೆ ಬುಸ್ಸೆಂದು ಹಬೆಯಾಡಿತೇ ಹೊರತು ಹೊತ್ತಿಕೊಳ್ಳಲಿಲ್ಲ.

"ಇಷ್ಟು ಕಷ್ಟ ಯಾಕೆ? ಸೊಂಟ ಬಗ್ಗಿಸಿದ್ದರೆ ಆಗಿಹೋಗುತ್ತಿತ್ತಲ್ಲ," ಎಂದು ಹಲ್ಲಿ ಕೇಳಿತು.

"ಬಗ್ಗಿ ಹುಡುಕಿದರೆ ನನಗೆ ನೆಲ ಕಾಣುತ್ತದೆ, ತಿಬೋ ಕಾಣುವುದಿಲ್ಲ."

ಹಲ್ಲಿ ಉರಿ ನುಂಗಿಕೊಂಡು ಹೇಳಿತು. "ಅವನು ಇಲ್ಲಿಲ್ಲ, ಕಾಡುಕೋಟೆಯಲ್ಲಿದ್ದಾನೆ. ಇನ್ನೊಂದು ಮಾತು ಕೇಳು. ಹೊಸ್ತಿಲಲ್ಲಿ ಬಗ್ಗಿದವರ ಎತ್ತರದಲ್ಲಿ ಒಂದು ಬೆರಳಗಲ ಅಲ್ಲೇ ಉಳಿಯುತ್ತದೆ. ಮಾಲ್ವೋರ್ ಅದನ್ನು ತಿಂದು ಬೆಳೆಯುತ್ತಾನೆ. ಅವನ ಮೈಯಲ್ಲಿ ಅವನದೆನ್ನುವುದು ಅಂಗೈಯಷ್ಟೂ ಉಳಿದಿಲ್ಲ."

"ಬಗ್ಗಿದವರು ಮತ್ತೆ ನೆಟ್ಟಗೆ ನಿಂತರೆ?"

"ಗೊತ್ತಿಲ್ಲ. ಯಾರೂ ನಿಂತಿಲ್ಲ."

ಮೂರನೆಯ ದಿನ ಅವಳು ಕಾಡಿನೊಳಗೆ ನಡೆದಳು. ಅಂದು ಊರವರೂ ಕೋಟೆ ನೋಡಲು ಬರುವ ದಿನ. ಬೆರ್ತಾ ಅಜ್ಜಿ ಬಂದಿದ್ದಳು, ರೊಟ್ಟಿ ಸುಡುವವನು ಬಂದಿದ್ದ, ತೋಟದ ಆಳುಗಳು ಬಂದಿದ್ದರು. ಕಾಡುಕೋಟೆಯ ದೊಡ್ಡ ಹಜಾರದಲ್ಲಿ ಇನ್ನೂರು ಜನ ಸಾಲಾಗಿ ನಿಂತಿದ್ದರು, ಎಲ್ಲರ ಕಣ್ಣೂ ನೆಲದ ಮೇಲೆ. ಹಜಾರದ ಹೊಸ್ತಿಲಲ್ಲಿ ಮೃಗವಿರಲಿಲ್ಲ. ಅದರ ಒಳಬದಿಗೆ ಮಾಲ್ವೋರನೇ ನಿಂತಿದ್ದ. ಅವನ ತಲೆ ಚಾವಣಿಯ ತೊಲೆಗಳಿಗೆ ತಾಗುತ್ತಿತ್ತು. ಅವನ ಪಕ್ಕದಲ್ಲಿ ಹಾಲುಬಣ್ಣದ ಕಲ್ಲಾಗಿ ತಿಬೋ ನಿಂತಿದ್ದ. ಎಡಗೈ ಮುಂದಕ್ಕೆ ಚಾಚಿಕೊಂಡಿತ್ತು, ಗದ್ದ ಮೇಲಕ್ಕೆದ್ದಿತ್ತು.

ಸೊಲಾಂಜಳ ಕಾಲು ಅಲ್ಲೇ ನಿಂತಿತು. ಹತ್ತಿರ ಹೋಗಿ ಆ ಕೈ ಮುಟ್ಟಬೇಕು ಎನ್ನಿಸಿತು. ಆದರೆ ನಡುವೆ ಹೊಸ್ತಿಲಿತ್ತು.

"ಎರಡು ಕೋಟೆಗಳಲ್ಲಿ ನನ್ನ ಮಾತು ಮೀರಿದ್ದೀಯ. ಪರವಾಗಿಲ್ಲ. ಇಲ್ಲಿ ಒಂದೇ ಒಂದು ಸಲ ಬಗ್ಗು. ಗಂಡನನ್ನು ಕರೆದುಕೊಂಡು ಹೋಗು," ಎಂದ ಮಾಲ್ವೋರ್. ಅವನ ದನಿ ಮೇಲಿನಿಂದ ಗುಡುಗಿನಂತೆ ಇಳಿಯಿತು.

"ನನ್ನನ್ನೂ ಕಲ್ಲು ಮಾಡು," ಎಂದಳು ಸೊಲಾಂಜ್.

"ಕಲ್ಲು ಬಗ್ಗುವುದಿಲ್ಲ. ಇವನ ವಿಷಯದಲ್ಲಿ ದುಡುಕಿದೆ. ನಿನ್ನ ವಿಷಯದಲ್ಲಿ ದುಡುಕುವುದಿಲ್ಲ." ಅವನು ಕಲ್ಲೊಡೆಯುವ ದೊಡ್ಡ ಸುತ್ತಿಗೆಯನ್ನು ಕೈಗೆತ್ತಿಕೊಂಡ. "ಇವರೆಲ್ಲರ ಎದುರು ಬಗ್ಗು. ಇಲ್ಲದಿದ್ದರೆ ಇವನನ್ನು ಚೂರುಚೂರು ಮಾಡುತ್ತೇನೆ."

ಸೊಲಾಂಜ್ ತಿಬೋನ ಕಲ್ಲಿನ ಮುಖವನ್ನು ನೋಡಿದಳು. ಬಗ್ಗಿದರೆ ಇವತ್ತು ಸಂಜೆ ಇಬ್ಬರೂ ಮನೆಯಲ್ಲಿರಬಹುದು. ಆದರೆ ಅವನು ಯಾವುದಕ್ಕಾಗಿ ಕಲ್ಲಾದನೋ ಅದು ಇಲ್ಲಿ ನೆಲದ ಮೇಲೆ ಬಿದ್ದಿರುತ್ತದೆ, ಮುಂದಿನ ವರ್ಷ ಇವರೆಲ್ಲ ಅದನ್ನು ತುಳಿದುಕೊಂಡು ಹೋಗುತ್ತಾರೆ.

"ಇಲ್ಲ," ಎಂದಳು.

ಸುತ್ತಿಗೆ ಬಿತ್ತು. ತಿಬೋನ ಎಡಗೈಯ ಎರಡು ಬೆರಳು ಮುರಿದು ನೆಲದ ಮೇಲೆ ಉರುಳಿದವು. ಸೊಲಾಂಜಳ ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳಲೂ ಅವಳು ತಲೆ ತಗ್ಗಿಸಲಿಲ್ಲ.

"ಈಗ?"

"ಇಲ್ಲ."

ಒಂದು ಬೆರಳು ಉರುಳುತ್ತ ಹೋಗಿ ಬೆರ್ತಾ ಅಜ್ಜಿಯ ಕಾಲ ಬಳಿ ನಿಂತಿತು. ನೆಲವನ್ನೇ ನೋಡುತ್ತಿದ್ದ ಅವಳಿಗೆ ಅದು ಚೆನ್ನಾಗಿ ಕಂಡಿತು. ಅವಳ ಗಂಡನ ಗೋರಿಯ ಮೇಲೆ ಹೂಬಳ್ಳಿ ಕೆತ್ತಿದ್ದು ಆ ಬೆರಳುಗಳೇ. ಅವಳು ಎರಡೂ ಕೈಗಳನ್ನು ತೊಡೆಯ ಮೇಲೆ ಊರಿದಳು. ಬೆನ್ನುಮೂಳೆ ಲಟಲಟನೆ ಸದ್ದು ಮಾಡಿತು. ನರಳುತ್ತ, ನಿಧಾನವಾಗಿ, ಅವಳು ನೆಟ್ಟಗೆ ನಿಂತಳು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಮಾಲ್ವೋರನ ಮುಖವನ್ನು ನೋಡಿದಳು.

"ಬೆನ್ನು ನೋಯುತ್ತಿದೆ. ಇನ್ನು ಬಗ್ಗಲಾರೆ," ಎಂದಳು.

ಮಾಲ್ವೋರ್ ಅವಳನ್ನು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅವನ ತಲೆ ತೊಲೆಯಿಂದ ಒಂದು ಮೊಳ ಕೆಳಗಿಳಿದಿತ್ತು. ಸೊಲಾಂಜ್ ಅದನ್ನು ಕಂಡಳು.

"ಎಲ್ಲರೂ ನಿಲ್ಲಿ. ಅವನ ಎತ್ತರ ನಿಮ್ಮದು. ನೆಟ್ಟಗೆ ನಿಂತು ತೆಗೆದುಕೊಳ್ಳಿ," ಎಂದು ಕೂಗಿ ಹೇಳಿದಳು.

ರೊಟ್ಟಿ ಸುಡುವವನು ನಿಂತ. ಅವನ ಹೆಂಡತಿ ನಿಂತಳು. ತೋಟದ ಆಳುಗಳು ಒಬ್ಬರ ಹೆಗಲು ಒಬ್ಬರು ಹಿಡಿದು ಎದ್ದು ನಿಂತರು. ಹಜಾರದ ತುಂಬ ಮೂಳೆಗಳ ಸದ್ದು, ನರಳುವ ಸದ್ದು, ಆಮೇಲೆ ನಗುವ ಸದ್ದು. ಒಬ್ಬೊಬ್ಬರು ಎದ್ದಂತೆ ಮಾಲ್ವೋರ್ ಇಳಿದ. ಮೊದಲು ಬಾಗಿಲಿನಷ್ಟಾದ, ಆಮೇಲೆ ಮನುಷ್ಯನಷ್ಟಾದ. ಸುತ್ತಿಗೆ ಭಾರವಾಗಿ ಕೈಜಾರಿ ಬಿತ್ತು. "ಬಗ್ಗಿ," ಎಂದು ಅವನು ಕಿರುಚುತ್ತಲೇ ಇದ್ದ. ಮೊಣಕಾಲುದ್ದವಾದ, ಅಂಗೈಯಷ್ಟಾದ, ಹೆಬ್ಬೆರಳಿನಷ್ಟಾದ. ಈಗ ಅವನ ಮಾತು ಕೇಳಬೇಕೆಂದರೆ ಯಾರಾದರೂ ಬಗ್ಗಬೇಕಿತ್ತು. ಯಾರೂ ಬಗ್ಗಲಿಲ್ಲ. ಅವನು ಗೋಡೆಯ ಬುಡದ ನೀರುಗಂಡಿಗೆ ನುಗ್ಗಿ, ಜಾರಿ, ಕೋಟೆಯ ಹೊರಗಿನ ಕೊಳಕ್ಕೆ ಬಿದ್ದ. ಕೊಳದಲ್ಲಿ ಕೊಕ್ಕರೆಯೊಂದು ಒಂಟಿ ಕಾಲಿನಲ್ಲಿ ನಿಂತಿತ್ತು. ಅದು ಒಮ್ಮೆ ಕೊಕ್ಕು ಅದ್ದಿ ತೆಗೆಯಿತು. ಮಾಲ್ವೋರನ ಕತೆ ಅಲ್ಲಿಗೆ ಮುಗಿಯಿತು.

ಹಜಾರದಲ್ಲಿ ಕಲ್ಲು ಬೆಚ್ಚಗಾಯಿತು. ಹಾಲುಬಣ್ಣದ ಕೆನ್ನೆಗೆ ಕೆಂಪು ಬಂತು. ತಿಬೋ ಉಸಿರೆಳೆದುಕೊಂಡು ಮುಗ್ಗರಿಸಿದ. ಸೊಲಾಂಜ್ ಹೊಸ್ತಿಲು ದಾಟಿ ಓಡಿಹೋಗಿ ಹಿಡಿದುಕೊಂಡಳು. ಎಡಗೈಯಿಂದ ನೆತ್ತರು ಸುರಿಯುತ್ತಿತ್ತು. ಅವಳು ತನ್ನ ಭುಜದ ಪಟ್ಟಿಯನ್ನೇ ಬಿಚ್ಚಿ ಅವನ ಕೈಗೆ ಸುತ್ತಿದಳು.

"ನನ್ನಿಂದಾಗಿ ಎರಡು ಬೆರಳು ಹೋದವು. ಬಗ್ಗಿದ್ದರೆ ಉಳಿಯುತ್ತಿದ್ದವು," ಎಂದಳು.

"ಕೇಳಿಸುತ್ತಿತ್ತು," ಎಂದ ತಿಬೋ. "ಕಲ್ಲಿನ ಒಳಗಿದ್ದರೂ ಎಲ್ಲ ಕೇಳಿಸುತ್ತಿತ್ತು. ಮೊದಲನೆಯ ಸಲ ನೀನು ಇಲ್ಲ ಅಂದಾಗ ನನಗೆ ಭಯವಾಯಿತು. ಎರಡನೆಯ ಸಲ ಅಂದಾಗ, ಸತ್ತರೂ ಪರವಾಗಿಲ್ಲ ಅನ್ನಿಸಿತು." ಅವನು ಪಟ್ಟಿ ಸುತ್ತಿದ ಕೈ ಎತ್ತಿ ನೋಡಿಕೊಂಡ. "ಉಳಿ ಹಿಡಿಯಲು ಮೂರು ಬೆರಳು ಸಾಕು. ಕಲಿತುಕೊಳ್ಳುತ್ತೇನೆ."

ಅಂದಿನಿಂದ ಕೋಟೆಗಳಿಗೆ ಒಡೆಯರಿರಲಿಲ್ಲ. ಮುಳ್ಳುಹಂದಿಯೂ ಬೆಂಕಿಹಲ್ಲಿಯೂ ತಾವಾಗಿಯೇ ಗೋಡೆ ಹತ್ತಿ ಮತ್ತೆ ಕಲ್ಲಾದವು. ಕಣಿವೆಯ ಜನ ರಜೆಯ ದಿನ ರೊಟ್ಟಿ, ಗಿಣ್ಣು, ದ್ರಾಕ್ಷಿ ಕಟ್ಟಿಕೊಂಡು ಕೋಟೆ ನೋಡಲು ಹೋಗುತ್ತಿದ್ದರು. ಅಜ್ಜಂದಿರು ಕಟ್ಟಿದ ಚಾವಣಿಗಳನ್ನು ಕತ್ತೆತ್ತಿ ನೋಡುತ್ತಿದ್ದರು, ಸುರುಳಿ ಮೆಟ್ಟಿಲ ಮೇಲೆ ಕುಳಿತು ಉಣ್ಣುತ್ತಿದ್ದರು. ತಿಬೋ ಮೂರು ಬೆರಳಿನಲ್ಲಿ ಉಳಿ ಹಿಡಿಯಲು ಒಂದು ಇಡೀ ಚಳಿಗಾಲ ಒದ್ದಾಡಿದ. ವಸಂತ ಬಂದಾಗ ಅವನು ಕೆತ್ತಿದ ಮೊದಲ ಗುಲಾಬಿ ಸ್ವಲ್ಪ ಸೊಟ್ಟಗಿತ್ತು. ಸೊಲಾಂಜ್ ಅದನ್ನು ಮನೆಯ ಬಾಗಿಲ ಮೇಲೆ ಇಡಿಸಿದಳು. ಆ ಬಾಗಿಲಿನಿಂದ ಅವರಿಬ್ಬರೂ ಬಹಳ ವರ್ಷ ಹೋದರು, ಬಂದರು, ಜಗಳವಾಡಿದರು, ನಕ್ಕರು, ಸುಖವಾಗಿ ಬಾಳಿದರು. ಕಣಿವೆಯವರೆಲ್ಲರೂ ಹಾಗೆಯೇ ಬಾಳಿದರು.