ಬೆಂಚಿಗೂ ಬಂಪರಿಗೂ ನಡುವೆ

ಗ್ಯಾರೇಜಿನ ಮೇಸ್ತ್ರಿ ನಿಂತೇ ಸತ್ತಿದ್ದ.

ಸೊಂಟದ ಹಿಂದೆ ಕಾರಿನ ಮೂತಿ, ಮುಂದೆ ಕಬ್ಬಿಣದ ಬೆಂಚು. ನಡುವೆ ಕುಸಿದು ಬೀಳುವಷ್ಟೂ ಜಾಗವಿರಲಿಲ್ಲ. ತಲೆ ಬೆಂಚಿನ ಮೇಲೆ ಒರಗಿತ್ತು. ಒಂದು ಕೈ ಇನ್ನೂ ಬೆಂಚಿಗೆ ಬಿಗಿದಿದ್ದ ವೈಸಿನ ಹಿಡಿಯ ಮೇಲಿತ್ತು.

ಇನ್ಸ್‌ಪೆಕ್ಟರ್ ಷೆಡ್ಡಿನ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ನೆಲ ಬೆಂಚಿನ ಕಡೆಗೆ ತುಸು ಇಳಿಜಾರು. ತೊಳೆದ ನೀರು ಚರಂಡಿ ಸೇರಲೆಂದು ಹಾಗೆ ಮಾಡಿದ್ದರು. ಕಾರು ಹಳೆಯದು, ಉದ್ದನೆಯದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಂಜಿನ್ ಆರಿತ್ತು. ಬಾನೆಟ್ ಮಾತ್ರ ಬೆಚ್ಚಗಿತ್ತು.

ಪೇದೆಗಳು ಕಾರನ್ನು ಹಿಂದಕ್ಕೆ ತಳ್ಳಿ ಹೆಣ ಬಿಡಿಸಿದರು.

ಕಾರಿನ ಮಾಲೀಕ ಹೊರಗೆ ಟೈರಿನ ರಾಶಿಯ ಮೇಲೆ ಕೂತು ಅಳುತ್ತಿದ್ದ. ಹಳೇ ಕಾರುಗಳನ್ನು ಕೊಂಡು, ಸಿಂಗರಿಸಿ ಮಾರುವುದು ಅವನ ವ್ಯವಹಾರ. ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ನಡೆದದ್ದನ್ನು ಕೇಳುವ ಮೊದಲೇ ಹೇಳಿದ. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದನಂತೆ. ಮೇಸ್ತ್ರಿ ಬೆಂಚಿನ ಕಡೆ ತಿರುಗಿ, ಎಂಜಿನ್ ಶುರುಮಾಡಿ ಎಂದನಂತೆ. ಗೇರ್ ಲಿವರ್ ನ್ಯೂಟ್ರಲ್‌ನಲ್ಲೇ ಇತ್ತು. ಕೀಲಿ ತಿರುಗಿಸಿದ್ದೇ ತಡ, ಕಾರು ಮುಂದಕ್ಕೆ ಹಾರಿತು.

"ಲಿವರ್ ನಂಬಿ ಕೂತೆ, ಮೇಡಂ. ಮೇಲೆ ನ್ಯೂಟ್ರಲ್, ಒಳಗೆ ಗೇರು. ಯಾರು ಜೋಡಿಸಿದ್ರೋ ಅವರನ್ನೇ ಕೇಳಿ."

ಎದುರಿನ ಟೈರ್ ಅಂಗಡಿಯವನು ಬೇರೆಯೇ ಹೇಳಿದ. ಮೊದಲು ಕಿರುಚಿದ್ದು ಕೇಳಿಸಿತು, ಎಂಜಿನ್ ಶುರುವಾದದ್ದು ಆಮೇಲೆ. ಹೆಡ್ ಕಾನ್‌ಸ್ಟೆಬಲ್ ನಕ್ಕುಬಿಟ್ಟ. ಕಂಪ್ರೆಸರ್ ಪಕ್ಕ ಕೂತು ಕೂತು ಈತನ ಕಿವಿ ತೂತಾಗಿದೆ, ಹೆಂಡತಿ ಕೂಗಿದರೂ ಮರುದಿನ ಓಗೊಡುತ್ತಾನೆ ಎಂದ. ಸಾಲದ್ದಕ್ಕೆ ಬೀದಿಯಲ್ಲಿ ಗಾಡಿ ನಿಲ್ಲಿಸುವ ವಿಷಯಕ್ಕೆ ಮೇಸ್ತ್ರಿಗೂ ಇವನಿಗೂ ಹಾವು ಮುಂಗುಸಿಯ ಸಂಬಂಧ. ಇನ್ಸ್‌ಪೆಕ್ಟರ್ ಅವನ ಮಾತನ್ನು ಬದಿಗಿಟ್ಟಳು.

ಆಗ ಮೇಸ್ತ್ರಿಯ ಮಗಳು ಬಂದಳು. ಕೈಯಲ್ಲಿ ಆಯಿಲ್ ಡಬ್ಬ. ಮೈಗೆ ಅಪ್ಪನದೇ ಅಳತೆಯ ನೀಲಿ ಅಂಗಿ. ಜನರನ್ನು ನೋಡಿದಳು. ಬಟ್ಟೆ ಹೊದಿಸಿದ್ದನ್ನು ನೋಡಿದಳು. ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಲಿವರ್ ಜೋಡಿಸಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದಳು.

"ನಾನು."

* * *

ಠಾಣೆಯ ಒಂದೇ ಬೆಂಚಿನ ಆ ತುದಿಯಲ್ಲಿ ತಾಯಿ, ಈ ತುದಿಯಲ್ಲಿ ಮಗಳು. ನಡುವೆ ನಾಲ್ಕು ಜನ ಕೂರಬಹುದಿತ್ತು.

ಮಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕಾರಿನಲ್ಲಿದ್ದದ್ದು ಮೂರು ಗೇರಿನ ಹಳೇ ಆಟೊಮ್ಯಾಟಿಕ್ ಗೇರ್‌ಬಾಕ್ಸು. ಹೆದ್ದಾರಿಯಲ್ಲಿ ಎಂಜಿನ್ ಅರಚಿಕೊಳ್ಳುತ್ತಿತ್ತು. ಅದನ್ನು ತೆಗೆದು ಓವರ್‌ಡ್ರೈವ್ ಇರುವ ಬಾಕ್ಸು ಕೂರಿಸುವುದು ಕೆಲಸ. ನಾಲ್ಕನೇ ಗೇರಿಗೆ ಹೋದರೆ ಚಕ್ರ ಜೋರಾಗಿ ಓಡಿದರೂ ಎಂಜಿನ್ ನಿರಾಳ. ಆದರೆ ಹೊಸ ಬಾಕ್ಸು ಹಳೆಯದಕ್ಕಿಂತ ಉದ್ದ. ಹಾಗಾಗಿ ಅದನ್ನು ಹೊರುವ ಅಡ್ಡಪಟ್ಟಿಯನ್ನು ಕಾರಿನ ಅಡಿಚೌಕಟ್ಟಾದ ಚಾಸಿಯಲ್ಲಿ ಹಿಂದಕ್ಕೆ ಸರಿಸಬೇಕು. ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಲೇತಿಗೆ ಕೊಟ್ಟು ಗಿಡ್ಡ ಮಾಡಿಸಬೇಕು. ಸ್ಟೇರಿಂಗ್ ಪಕ್ಕದ ಲಿವರನ್ನು ಬಾಕ್ಸಿಗೆ ಜೋಡಿಸುವ ಹೊಸ ಸರಳು ಕೂರಿಸಿ ನಟ್ಟು ಬಿಗಿಯಬೇಕು.

ಬೆಳಿಗ್ಗೆ ಗಿಡ್ಡ ಮಾಡಿಸಿದ ಶಾಫ್ಟ್ ತಂದುಕೊಟ್ಟು, ಅವಳು ಆಯಿಲಿಗೆ ಹೋಗಿದ್ದಳು. ಶಾಫ್ಟ್ ತಾನೇ ಹಾಕುತ್ತೇನೆ ಎಂದಿದ್ದ ಅಪ್ಪ.

"ಲಿವರಿನ ನಟ್ಟು?"

"ನಿನ್ನೆಯೇ ಬಿಗಿ ಮಾಡಿದ್ದೆ."

ಸಾರಿಗೆ ಇಲಾಖೆಯ ತಜ್ಞ ಕಾರನ್ನು ಠಾಣೆಯ ಹಿತ್ತಲಿನಲ್ಲಿ ಆಗಷ್ಟೇ ನೋಡಿ ಬಂದಿದ್ದ. ಬಾನೆಟ್ ಎತ್ತಿದರೆ ಕೈಗೆ ಸಿಗುವ ಆ ನಟ್ಟು ಸಡಿಲವಾಗಿತ್ತು. ಸರಳು ಜಾರಿದರೆ ಲಿವರ್ ಒಂದು ತೋರಿಸುತ್ತದೆ, ಬಾಕ್ಸು ಇನ್ನೊಂದರಲ್ಲಿರುತ್ತದೆ. ಅವನಿಗೆ ಅನುಮಾನವೇ ಇರಲಿಲ್ಲ.

ಮಗಳು ಆ ಮಾತು ಕೇಳಿ ತನ್ನ ಅಂಗೈ ನೋಡಿಕೊಂಡಳು. ಮೊದಲು, ಬಿಗಿ ಮಾಡಿದ್ದೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಮಾಡಿದ್ದೆ ಅನ್ನಿಸುತ್ತದೆ ಎಂದಳು. ಕೊನೆಗೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡಳು.

ತಾಯಿ ಎದ್ದು ಬಂದು ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತಳು. "ಇವಳ ಕೈ ಚುರುಕು ಅಂತ ಅವರೇ ತಲೆ ಮೇಲೆ ಕೂರಿಸ್ಕೊಂಡಿದ್ರು. ಬೇಡ ಅಂದ್ರೆ ನನ್ನ ಮಾತು ಯಾರು ಕೇಳಿದ್ರು?" ಅಷ್ಟು ಹೇಳಿ, ಮಗಳ ಕಡೆ ನೋಡದೆ ಹೊರಟುಹೋದಳು.

ನಿರ್ಲಕ್ಷ್ಯದಿಂದ ಸಾವು. ಪ್ರಕರಣ ಬರೆಯುವುದಷ್ಟೇ ಬಾಕಿ. ಇನ್ಸ್‌ಪೆಕ್ಟರ್ ಪೆನ್ನು ತೆಗೆದಳು, ಮತ್ತೆ ಮುಚ್ಚಿದಳು. ನಾಳೆ ಬಾ ಎಂದು ಹುಡುಗಿಯನ್ನು ಮನೆಗೆ ಕಳಿಸಿದಳು.

* * *

ಕಾರು ಎಳೆದು ತಂದಿದ್ದ ಕ್ರೇನಿನ ಚಾಲಕ ಮರುದಿನ ತನ್ನ ಸರಪಳಿ ಒಯ್ಯಲು ಬಂದ. ದಡೂತಿ ಆಸಾಮಿ, ಮಾತಿಗೆ ಮುಂಚೆ ಆಕಳಿಕೆ. ಹೋಗುವ ಮುಂಚೆ ಶಾಫ್ಟನ್ನು ಒಪ್ಪಿಸಿ ಹೋಗು ಎಂದು ಇನ್ಸ್‌ಪೆಕ್ಟರ್ ಹೇಳಿದಳು. ಕಾರಿನ ಕೆಳಗೆ ಅದಿಲ್ಲವೆಂದು ತಜ್ಞ ಹೇಳಿದ್ದ. ಅದರಲ್ಲಿ ವಿಶೇಷವೇನಿಲ್ಲ ಎಂದೂ ಹೇಳಿದ್ದ. ಹಿಂದಿನ ಚಕ್ರ ರಸ್ತೆಗೆ ತಾಗಿಸಿ ಎಳೆದರೆ ಆಟೊಮ್ಯಾಟಿಕ್ ಬಾಕ್ಸು ಒಳಗೇ ಸುಟ್ಟುಹೋಗುತ್ತದೆ. ಅದಕ್ಕೇ ಎಳೆಯುವವರು ಮೊದಲು ಶಾಫ್ಟ್ ಬಿಚ್ಚುತ್ತಾರೆ.

"ಯಾವ ಶಾಫ್ಟು?" ಎಂದ ಚಾಲಕ.

"ನೀನು ಬಿಚ್ಚಿದ್ದು."

"ನಾನೇನು ಬಿಚ್ಚಿದೆ, ಮೇಡಂ? ಬಗ್ಗಿ ನೋಡಿದೆ, ಇರಲೇ ಇಲ್ಲ. ಕೆಲಸ ಉಳೀತು ಅಂತ ಹಾಗೇ ಎಳ್ಕೊಂಡು ಬಂದೆ."

ಇನ್ಸ್‌ಪೆಕ್ಟರ್ ಹಿತ್ತಲಿಗೆ ನಡೆದಳು. ಟಾರ್ಚ್ ಹಿಡಿದು, ಮಣ್ಣಿನ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ತೂರಿದಳು. ಹೆಡ್ ಕಾನ್‌ಸ್ಟೆಬಲ್ಲಿಗೆ ಆಕೆಯ ಬೂಟು ಮಾತ್ರ ಕಾಣುತ್ತಿತ್ತು.

ಗೇರ್‌ಬಾಕ್ಸಿನ ಬಾಲಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ರಬ್ಬರಿನಿಂದ ಬಿಗಿದ ಗಂಟು. ಚೀಲದ ತಳದಲ್ಲಿ ಕೆಂಪು ಆಯಿಲ್. ಶಾಫ್ಟ್ ಇಲ್ಲದಾಗ ಆಯಿಲ್ ಸೋರದಿರಲೆಂದು ಕೆಲಸ ಬಲ್ಲವರು ಕಟ್ಟುವ ಚೀಲ. ಟಾರ್ಚನ್ನು ಪಕ್ಕಕ್ಕೆ ಹೊರಳಿಸಿದಳು. ಅಡ್ಡಪಟ್ಟಿಗೆ ಹೊಸ ತೂತು ಕೊರೆಯಲೆಂದು ಮೇಸ್ತ್ರಿ ಚಾಸಿಯನ್ನು ಉಜ್ಜಿದ್ದ. ಬಣ್ಣ ಹೋಗಿ ಕಬ್ಬಿಣ ಬೆತ್ತಲಾಗಿತ್ತು. ಅಲ್ಲಿ ಕಾರಿನ ಗುರುತಾದ ಚಾಸಿ ನಂಬರು. ನಂಬರಿನ ಸುತ್ತ, ತೇಪೆ ಹಾಕಿದ ಹಾಗೆ, ಬೆಸುಗೆಯ ಗೆರೆ.

ಹೊರಗೆ ಬಂದು ಅಂಗಿ ಕೊಡವಿಕೊಂಡಳು.

"ಟೈರ್ ಅಂಗಡಿಯವನ ಕಿವಿ ನೆಟ್ಟಗಿದೆ ಕಣ್ರೀ," ಎಂದಳು.

* * *

ಷೆಡ್ಡಿನ ಬೀಗಮುದ್ರೆ ಒಡೆಸಿ ನೋಡಿದಾಗ ಗಿಡ್ಡ ಮಾಡಿಸಿದ ಶಾಫ್ಟ್ ಬಾಗಿಲ ಹಿಂದೆ ಸಿಕ್ಕಿತು. ಲೇತ್ ಅಂಗಡಿಯವರು ಸುತ್ತಿದ ಗೋಣಿಯನ್ನೂ ಯಾರೂ ಬಿಚ್ಚಿರಲಿಲ್ಲ.

ಮಾಲೀಕನನ್ನು ಅಲ್ಲಿಗೇ ಕರೆಸಿದಳು. ಅವನು ಮತ್ತೆ ಅದೇ ಕಥೆ ಹೇಳಿದ. ಎಲ್ಲೂ ಎಡವಲಿಲ್ಲ. ಕೀಲಿ ತಿರುಗಿಸಿದೆ, ಹಾರಿತು, ಬ್ರೇಕ್ ತುಳಿಯುವಷ್ಟರಲ್ಲಿ ಮುಗಿದುಹೋಗಿತ್ತು. ಪಾಪ, ಆ ಹುಡುಗಿಗೆ ಶಿಕ್ಷೆ ಕಡಿಮೆ ಆಗುವ ಹಾಗೆ ನೋಡಿ ಎಂದೂ ಸೇರಿಸಿದ.

ಇನ್ಸ್‌ಪೆಕ್ಟರ್ ಗೋಣಿ ಸರಿಸಿದಳು.

"ಇದೇನು ಗೊತ್ತಾ?"

ಅವನು ನೋಡಿದ. ಗೊತ್ತಾಗಲಿಲ್ಲ.

"ಎಂಜಿನ್ ತಿರುಗಿದ್ದನ್ನ ಚಕ್ರಕ್ಕೆ ಮುಟ್ಟಿಸೋ ಶಾಫ್ಟು. ಇದು ನಿಮ್ಮ ಕಾರಿಗೆ ಇನ್ನೂ ಸೇರಿರಲಿಲ್ಲ. ಲಿವರ್ ಎಲ್ಲಾದರೂ ಇರಲಿ, ನಟ್ಟು ಸಡಿಲವಾದರೂ ಇರಲಿ. ನೀವು ಸಂಜೆವರೆಗೆ ಆಕ್ಸಿಲರೇಟರ್ ತುಳಿದಿದ್ರೂ ಆ ಕಾರು ಒಂದು ಗೇಣೂ ಹಾರ್ತಿರಲಿಲ್ಲ."

ಮಾಲೀಕ ಬಗ್ಗಿ ಶಾಫ್ಟಿನ ಮೇಲೆ ಕೈಯಾಡಿಸಿದ. 

"ಹಾಕಿಲ್ಲ ಅಂತ ಅವನು ಹೇಳಲೇ ಇಲ್ಲ," ಎಂದ.

ಹೆಡ್ ಕಾನ್‌ಸ್ಟೆಬಲ್ ಬಾಗಿಲಿಗೆ ಅಡ್ಡ ನಿಂತ.

ಉಳಿದದ್ದನ್ನು ಇನ್ಸ್‌ಪೆಕ್ಟರ್ ಒಂದೊಂದಾಗಿ ಬಿಡಿಸಿಟ್ಟಳು, ಅವನು ಹೌದೆಂದು ತಲೆಯಾಡಿಸುತ್ತ ಹೋದ. ಕಾರು ಕದ್ದದ್ದು. ಬೇರೆ ಕಾರಿನ ನಂಬರು ಕತ್ತರಿಸಿ ತಂದು ಬೆಸೆದಿದ್ದರು. ಹಳೇ ಬಾಕ್ಸು ಇದ್ದಷ್ಟು ದಿನ ಆ ಜಾಗವನ್ನು ಯಾರೂ ಉಜ್ಜುವ ಪ್ರಸಂಗವೇ ಇರಲಿಲ್ಲ. ಉದ್ದನೆಯ ಬಾಕ್ಸು ಬಂತು, ಪಟ್ಟಿ ಸರಿಯಿತು, ಬಣ್ಣ ಹೋಯಿತು, ಬೆಸುಗೆ ಕಂಡಿತು. ಮೇಸ್ತ್ರಿ ಮುಚ್ಚುಮರೆ ಇಲ್ಲದೆ ಅದನ್ನು ಮಾಲೀಕನಿಗೇ ತೋರಿಸಿದ. ಪೊಲೀಸರಿಗೆ ಹೇಳದೆ ಕೆಲಸ ಮುಂದುವರಿಸುವುದಿಲ್ಲ ಎಂದು ಬೆಂಚಿನ ಕಡೆ ತಿರುಗಿದ. ಮಾಲೀಕ ಚಕ್ರಕ್ಕೆ ಕೊಟ್ಟಿದ್ದ ಅಡ್ಡಗಲ್ಲನ್ನು ಒದ್ದ, ಹ್ಯಾಂಡ್‌ಬ್ರೇಕ್ ಇಳಿಸಿದ, ಹಿಂದಿನಿಂದ ಮೈಭಾರ ಹಾಕಿ ನೂಕಿದ. ಇಳಿಜಾರು ಮಿಕ್ಕ ಕೆಲಸ ಮಾಡಿತು. ಮೇಸ್ತ್ರಿ ಕಿರುಚಿದ ಮೇಲೆ ಎಂಜಿನ್ ಶುರುಮಾಡಿ ಬಿಸಿ ಮಾಡಿದ. ಬಾನೆಟ್ ಎತ್ತಿ ನಟ್ಟು ಸಡಿಲಿಸಿದ. ಕಾರಿನ ಕೆಳಗೆ ಮಾತ್ರ ಬಗ್ಗಿ ನೋಡಲಿಲ್ಲ.

ತಜ್ಞನೂ ನೋಡಿಯೂ ನೋಡಿರಲಿಲ್ಲ. ಎಳೆದು ತಂದ ಕಾರಿಗೆ ಶಾಫ್ಟ್ ಇರುವುದಿಲ್ಲ ಎಂಬುದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

* * *

ಇನ್ಸ್‌ಪೆಕ್ಟರ್ ಮೇಸ್ತ್ರಿಯ ಮನೆಗೆ ಒಬ್ಬಳೇ ಹೋದಳು. ತಾಯಿ ಹೊಸ್ತಿಲಲ್ಲಿ ನಿಂತು ಪೂರ್ತಿ ಕೇಳಿದಳು. ಕೊಲೆಗಾರನ ಬಗ್ಗೆ ಏನೂ ಕೇಳಲಿಲ್ಲ.

"ನಟ್ಟು ಇವಳು ಬಿಗಿ ಮಾಡಿದ್ದಳಾ?"

"ಮಾಡಿದ್ದಳು. ಸಡಿಲ ಮಾಡಿದ್ದು ಅವನು."

ಒಳಗಿನ ಕೋಣೆಯಲ್ಲಿ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ, ಕೇಳಿಸಿಕೊಂಡಿದ್ದಳು, ಆದರೆ ತಿರುಗಲಿಲ್ಲ. ತಾಯಿ ಹೋಗಿ ಚಾಪೆಯ ಅಂಚಿಗೆ ಕೂತಳು. ಮಗಳ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಪಾದದ ಮೇಲೆ ಅಂಟಿದ್ದ ಗ್ರೀಸನ್ನು ಸೆರಗಿನಿಂದ ಒರೆಸತೊಡಗಿದಳು. ಅದು ಹೋಗುವ ಕಲೆಯಲ್ಲ. ಒರೆಸುತ್ತಲೇ ಇದ್ದಳು.

"ಅಮ್ಮಾ, ಸೀರೆ ಹಾಳಾಗುತ್ತೆ," ಎಂದಳು ಮಗಳು.

"ಆಗಲಿ ಬಿಡು."

ಇನ್ಸ್‌ಪೆಕ್ಟರ್ ಬಾಗಿಲು ಎಳೆದುಕೊಂಡು ಬೀದಿಗೆ ಇಳಿದಳು.