ಗೇಣು ಆಳದ ಬಿಸಿ

ಸಂಜೆ ಕಾಲೇಜಿನಲ್ಲಿ ಓದಿದ ನನ್ನಂಥವನು ವಿಜ್ಞಾನಿಗಳ ಜಾಗದ ಬಗ್ಗೆ ಇಂಥ ಮಾತು ಹೇಳುವುದು ಅಧಿಕಪ್ರಸಂಗವೇ, ಕ್ಷಮಿಸಬೇಕು. ಯಾಲಾಲ್ ದಾರಿಯ ಒಂದು ಬೆಳೆ ಸಂಶೋಧನಾ ಕೇಂದ್ರದಲ್ಲಿ ನಾನು ಗುತ್ತಿಗೆ ನೌಕರನಾಗಿದ್ದೆ. ದಿನಾ ಬೆಳಿಗ್ಗೆ ಏಳಕ್ಕೆ ಮಣ್ಣಿನ ಉಷ್ಣತೆ ನೋಡಿ ಬರೆಯುವುದು ನನ್ನ ಕೆಲಸ.

ಡಿಸೆಂಬರಿನ ಚಳಿಯಲ್ಲಿ ಒಂದು ದಿನ ಗೇಣು ಆಳದ ಥರ್ಮಾಮೀಟರು ಮೂವತ್ತೇಳು ಡಿಗ್ರಿ ತೋರಿಸಿತು. ಇರಬೇಕಾದದ್ದು ಇಪ್ಪತ್ತರ ಆಸುಪಾಸು. ಥರ್ಮಾಮೀಟರು ಬದಲಿಸಿದೆ; ಮೂವತ್ತೇಳು. ಮರುದಿನವೂ ಅಷ್ಟೇ. ಎಷ್ಟು ಸಲ ಅದನ್ನೇ ನೋಡಬೇಕು? ಮೇಲಧಿಕಾರಿ ಸಂಜೀವಕುಮಾರ ಸರ್ ಕಾರಣ ಕೇಳಿ ಎರಡು ನೋಟಿಸು ಕೊಟ್ಟರು.

"ಮನ್ಯಾಗ ಕುಂತು ಬರೀತಿ ಏನಪಾ, ಅಂಬರೀಶ? ಇನ್ನೊಮ್ಮೆ ಹಿಂಗ ಬರದ್ರ ನಿನ್ನ ಗುತ್ತಿಗಿಗೆ ನಾ ಸಹಿ ಹಾಕಾಂಗಿಲ್ಲ."

ಕಳೆ ಕೀಳುತ್ತಿದ್ದ ಭೀಮವ್ವನನ್ನು ಕರೆದು ನೆಲ ಮುಟ್ಟಿಸಿದೆ.

"ಕೂಸು ಮಲಗಿ ಈಗಷ್ಟೇ ಎದ್ದ ಜಾಗ ಹಂಗ ಬೆಚ್ಚಗ ಅದರಿ," ಎಂದವಳು ಮತ್ತೆ ಆ ಕಡೆ ಬರಲಿಲ್ಲ.

ಕೊನೆಗೆ ಸರ್ ತಾವೇ ಬಂದು ಅಂಗೈ ಊರಿದರು. ಬಹಳ ಹೊತ್ತು ತೆಗೆಯಲಿಲ್ಲ.

"ಇಪ್ಪತ್ತೆರಡು ಬರಿ."

"ನೀವೇ ಮುಟ್ಟೀರಿ, ಸರ್."

"ಬರಿ ಅಂದೆ. ಥರ್ಮಾಮೀಟರು ಹೊಲದ ಆ ಕೊನೀಗೆ ಹಾಕು."

ನೂರು ಹೆಜ್ಜೆ ಆಚೆ ಹಾಕಿದೆ. ಅಂದು ಇಪ್ಪತ್ತೆರಡೇ ಬಂತು. ಮರುದಿನ ಅಲ್ಲೂ ಮೂವತ್ತೇಳು. ಹಳೆಯ ಜಾಗ ತಣ್ಣಗಾಗಿತ್ತು.

ನಾನು ಮೂವತ್ತೇಳೇ ಬರೆದೆ. ಗುತ್ತಿಗೆಗೆ ಸಹಿ ಆಗಲಿಲ್ಲ. ಅಗೆಯಲು ಅನುಮತಿ ಕೇಳಿ ಬರೆದ ಮೂರು ಅರ್ಜಿಗಳಿಗೂ ಇಂದಿನವರೆಗೆ ಉತ್ತರವಿಲ್ಲ. ಆ ಮಣ್ಣಿನ ಕೆಳಗೆ ಏನಿತ್ತು, ಅದು ಈಗ ಎಲ್ಲಿದೆ, ನನಗೆ ಗೊತ್ತಿಲ್ಲ.